ಲಾಗ್ ಕೋಡಿನ ಕನೆಕ್ಷನ್: ಆಕ್ಷೇಪಗಳಿಗೆ ಪ್ರತ್ಯುತ್ತರ

ಲಾಗ್ ಬರೆಯುವ ಕೋಡು ತಾನು ತೆಗೆದ ಡೇಟಾಬೇಸ್ ಕನೆಕ್ಷನ್ ತಾನೇ ಮುಚ್ಚಬೇಕು, ಅಪ್ಲಿಕೇಶನ್ನಿನ ಕನೆಕ್ಷನ್ ಪೂಲ್‌ಗೆ ಕೈ ಹಾಕಬಾರದು ಎಂಬ ನನ್ನ ವಾದಕ್ಕೆ ಹಲವರ ತಕರಾರಿದೆ.

"ಕ್ಲೋಸ್ ಮಾಡದಿದ್ದರೂ ಗಾರ್ಬೇಜ್ ಕಲೆಕ್ಟರ್ ನೋಡಿಕೊಳ್ಳುತ್ತದೆ" ಎನ್ನುತ್ತಾರೆ. ಅದು ನೋಡಿಕೊಳ್ಳುವುದು ಮೆಮೊರಿಯನ್ನು. ಪೂಲ್ ಬರಿದಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ನಾನಿದ್ದ ಒಂದು ಕಡೆ, ಪಾವತಿ ವಿಫಲವಾದಾಗ ಕ್ಯಾಚ್ ಬ್ಲಾಕ್ ಕನೆಕ್ಷನ್ ತೆಗೆದು, ಎರರ್ ಟೇಬಲ್‌ಗೆ ಇನ್ಸರ್ಟ್ ಮಾಡಿ, ಕೊನೇ ಸಾಲಿನಲ್ಲಿ ಕ್ಲೋಸ್ ಮಾಡುತ್ತಿತ್ತು. ಒಂದು ದಿನ ಎರರ್ ಸಂದೇಶವೇ ಕಾಲಂಗಿಂತ ಉದ್ದ ಬಂತು. ಇನ್ಸರ್ಟ್ ಫೇಲಾಯಿತು, ಕ್ಲೋಸ್ ಸಾಲಿಗೆ ಕೋಡು ತಲುಪಲೇ ಇಲ್ಲ. ನಾವು ಬಳಸುತ್ತಿದ್ದ ಹಿಕಾರಿಸಿಪಿ ಪೂಲ್‌ನ ಡೀಫಾಲ್ಟ್ ಮಿತಿ 10 ಕನೆಕ್ಷನ್. ಅಂಥ ಹತ್ತು ಪಾವತಿಗೆ ಹತ್ತೂ ಕನೆಕ್ಷನ್ ಹೋದವು. ಆಮೇಲೆ ಬಂದವರೆಲ್ಲ 30 ಸೆಕೆಂಡು ಕಾದು ಟೈಮ್‌ಔಟ್ ಕಂಡರು. ಡೇಟಾಬೇಸ್ ಸರ್ವರ್ ಮಾತ್ರ ಆರಾಮಾಗಿತ್ತು. ಹಾಗಾಗಿ ಗಂಟೆಗಟ್ಟಲೆ ಬೇರೆಲ್ಲೋ ಹುಡುಕಿದೆವು. ಜಾವಾ 7 ಬಂದ 2011ರಿಂದಲೇ ಟ್ರೈ-ವಿತ್-ರಿಸೋರ್ಸಸ್ ಇದೆ. ಎರರ್ ಬರಲಿ ಬಿಡಲಿ, ಬ್ಲಾಕ್ ಮುಗಿದೊಡನೆ ಕನೆಕ್ಷನ್ ಪೂಲ್‌ಗೆ ಮರಳುತ್ತದೆ. ಇದನ್ನು ಬಳಸದಿರಲು ಯಾವ ನೆಪವೂ ಉಳಿದಿಲ್ಲ.

"ಹಾಗಾದರೆ ಒಂದೇ ಕನೆಕ್ಷನ್ ಸದಾ ತೆರೆದಿಡೋಣ." ಮೈಎಸ್‌ಕ್ಯೂಎಲ್ ಸುಮ್ಮನಿರುವ ಕನೆಕ್ಷನ್ನನ್ನು ಡೀಫಾಲ್ಟಾಗಿ 28,800 ಸೆಕೆಂಡಿಗೆ, ಅಂದರೆ ಎಂಟು ಗಂಟೆಗೆ, ಕಡಿದುಹಾಕುತ್ತದೆ. ರಾತ್ರಿಯಿಡೀ ಎರರ್ ಇಲ್ಲದಿದ್ದರೆ ಬೆಳಗಿನ ಮೊದಲ ಎರರ್ ಬರೆಯಲು ಹೋದಾಗ ಅದು ಸತ್ತಿರುತ್ತದೆ.

"ಅಪ್ಲಿಕೇಶನ್ನಿನ ಟ್ರಾನ್ಸಾಕ್ಷನ್‌ನಲ್ಲೇ ಬರೆದರಾಯಿತು" ಎಂಬುದು ಎಲ್ಲಕ್ಕಿಂತ ಅಪಾಯದ ಸಲಹೆ. ಕೆಲಸ ಕೆಟ್ಟು ರೋಲ್‌ಬ್ಯಾಕ್ ಆದರೆ, ಯಾಕೆ ಕೆಟ್ಟಿತೆಂದು ಬರೆದ ಸಾಲೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಅದೇ ಪೂಲ್‌ನಿಂದ ಎರಡನೇ ಕನೆಕ್ಷನ್ ಕೇಳಿದರೂ ಬಿಡುಗಡೆಯಿಲ್ಲ: ಹತ್ತು ಥ್ರೆಡ್‌ಗಳು ತಲಾ ಒಂದನ್ನು ಹಿಡಿದು, ಇನ್ನೊಂದಕ್ಕಾಗಿ ಪರಸ್ಪರ ಕಾಯುತ್ತ ನಿಲ್ಲಬಹುದು.

ಪ್ರತ್ಯೇಕ ಪೂಲ್ ದುಬಾರಿ ಎಂಬ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ನೂ ಒಂದು ಪ್ರೋಸೆಸ್. ಡೀಫಾಲ್ಟ್ ಮಿತಿ 100. ಆದರೆ ಲಾಗ್‌ಗೆ ಒಂದೆರಡು ಸಾಕು. ಸಂದೇಶಗಳನ್ನು ಮಿತಿಯುಳ್ಳ ಕ್ಯೂಗೆ ಹಾಕಿ, ಬೇರೆ ಥ್ರೆಡ್‌ನಿಂದ ಕಂತು ಕಂತಾಗಿ ಬರೆಯಿಸಿ.

"ಲಾಗ್ ಬರೆಯಲಾಗದಿದ್ದರೆ ಕೆಲಸವನ್ನೇ ನಿಲ್ಲಿಸಬೇಕು" ಎನ್ನುವವರ ಮನಸ್ಸಿನಲ್ಲಿರುವುದು ಆಡಿಟ್ ದಾಖಲೆ. ಯಾರು ಎಷ್ಟು ಹಣ ವರ್ಗಾಯಿಸಿದರು ಎಂಬುದು ವ್ಯವಹಾರದ ಡೇಟಾ. ಅದು ಟ್ರಾನ್ಸಾಕ್ಷನ್ನಿನ ಒಳಗೇ ಇರಲಿ. ಡೀಬಗ್ ಲಾಗ್ ಹಾಗಲ್ಲ. ಡೇಟಾಬೇಸ್ ಸಿಗದಿದ್ದರೆ ಅದು ಅದೇ ಯಂತ್ರದ ಫೈಲಿಗೆ ಹೋಗಲಿ, ಗ್ರಾಹಕನ ಪಾವತಿ ಮುಂದುವರಿಯಲಿ.