58 ಡಿಗ್ರಿ ಎಲ್ಲಿದೆ, ತೋರಿಸಿ

ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಕವರು ಎಲ್ಲಿ ಬಿದ್ದರೂ ಮಣ್ಣಾಗಿಬಿಡುತ್ತದೆ ಎಂದು ಜನರನ್ನು ನಂಬಿಸುವ ಕೆಲಸ ಇಷ್ಟು ನಿರಾತಂಕವಾಗಿ ನಡೆಯುತ್ತಿರುವಾಗ ಸುಮ್ಮನಿರಲು ನನ್ನಿಂದಾಗದು. ಬೇಕರಿ, ಬಟ್ಟೆ ಅಂಗಡಿ, ಔಷಧಿ ಅಂಗಡಿ, ಎಲ್ಲಿ ಹೋದರೂ ಮುಟ್ಟಿದರೆ ಮೆತ್ತಗಿರುವ ಆ ಚೀಲ ಕೈಗೆ ಬರುತ್ತದೆ. ಮೇಲೆ ‘ನಾನು ಪ್ಲಾಸ್ಟಿಕ್ ಅಲ್ಲ’ ಎಂಬ ಬರಹ, ಪಕ್ಕದಲ್ಲೊಂದು ಹಸಿರೆಲೆಯ ಚಿತ್ರ. ಮನೆಯಿಂದ ಬಟ್ಟೆ ಚೀಲ ತಂದವರೂ ಈಗ ಅದನ್ನು ಮಡಚಿ ಒಳಗಿಟ್ಟುಕೊಂಡು, ‘ಇದು ಜೋಳದ್ದಲ್ವಾ, ಪರವಾಗಿಲ್ಲ ಕೊಡಿ’ ಎನ್ನುತ್ತಿದ್ದಾರೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ಚೀಲ ನಿಷೇಧಿಸಿದ ಮೇಲೆ ಒಂದಷ್ಟು ಮನೆಗಳಲ್ಲಾದರೂ ಕಷ್ಟಪಟ್ಟು ರೂಢಿಯಾಗಿದ್ದ ಅಭ್ಯಾಸವನ್ನು ಆ ಎಲೆಯ ಚಿತ್ರ ನುಂಗುತ್ತಿದೆ.

‘ಗೊಬ್ಬರವಾಗುವ ಪ್ಲಾಸ್ಟಿಕ್’ ಎಂಬ ಪ್ರಮಾಣಪತ್ರ ಸಿಗುವುದು ಐಎಸ್/ಐಎಸ್‌ಒ 17088 ಮಾನದಂಡದ ಪ್ರಕಾರ. ಅದರ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ. ಸುಮಾರು 58 ಡಿಗ್ರಿ ಸೆಲ್ಸಿಯಸ್ ಕಾವನ್ನು ಏರದಂತೆ ಇಳಿಯದಂತೆ ಕಾಯ್ದು, ತೇವ ಮತ್ತು ಗಾಳಿಯನ್ನು ಹದದಲ್ಲಿಟ್ಟು, 180 ದಿನಗಳೊಳಗೆ ಅದರ ಇಂಗಾಲದಲ್ಲಿ ಶೇ 90ರಷ್ಟು ಇಂಗಾಲದ ಡೈಆಕ್ಸೈಡ್ ಆಗುತ್ತದೆಯೇ ಎಂದು ನೋಡುತ್ತಾರೆ. ಹಾಗಾದರೆ ಪಾಸು. 58 ಡಿಗ್ರಿ, ಆರು ತಿಂಗಳು. ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲೇ 45 ದಾಟುವುದು ಅಪರೂಪ. ರಾಜಕಾಲುವೆಯಲ್ಲಿ 58 ಡಿಗ್ರಿ ಇದೆಯೇ? ಬೆಳ್ಳಂದೂರು ಕೆರೆಯ ತಳದಲ್ಲಿ ಇದೆಯೇ? ಹೊಲದ ಬದುವಿನಲ್ಲಿ, ಚರಂಡಿಯಲ್ಲಿ, ಹಸುವಿನ ಹೊಟ್ಟೆಯಲ್ಲಿ ಇದೆಯೇ? ಮನೆಯ ಬಾಲ್ಕನಿಯಲ್ಲಿ ಮಣ್ಣಿನ ಮಡಕೆಯಲ್ಲಿ ಗೊಬ್ಬರ ಮಾಡುವವರನ್ನು ಕೇಳಿ, ಆ ಮಡಕೆ ಒಂದು ವಾರವಾದರೂ 58 ಡಿಗ್ರಿಯಲ್ಲಿ ನಿಂತಿದೆಯೇ ಎಂದು.

ದೊಡ್ಡ ಗೊಬ್ಬರ ಘಟಕಗಳಲ್ಲಿ ರಾಶಿಯ ಒಡಲು ಅಷ್ಟು ಬಿಸಿಯಾಗುತ್ತದಲ್ಲ ಎಂದು ಕಂಪನಿಗಳವರು ಹೇಳುತ್ತಾರೆ. ಆಗುತ್ತದೆ, ಕೆಲವು ದಿನ. ಮಗುಚಿ ಹಾಕಿದಂತೆಲ್ಲ ಇಳಿಯುತ್ತದೆ. ಆರು ತಿಂಗಳು ಒಂದೇ ರಾಶಿಯನ್ನು ಹಾಗೆ ಕಾಯ್ದು ಕೂರಲು ದಿನವೂ ಲಾರಿಗಟ್ಟಲೆ ಹಸಿ ಕಸ ಬಂದು ಬೀಳುವ ಯಾವ ಘಟಕದಲ್ಲಿ ಜಾಗವಿದೆ? ಅದಕ್ಕೂ ಮುಂಚಿನ ಮಾತೆಂದರೆ, ಈ ಚೀಲ ರಾಶಿಯವರೆಗೆ ಹೋಗುವುದೇ ಇಲ್ಲ. ಬೆಳಿಗ್ಗೆ ಆಟೊ ಟಿಪ್ಪರ್ ಹಿಂದೆ ನಿಂತ ಪೌರಕಾರ್ಮಿಕ ಮಹಿಳೆ ಹಸಿ ಕಸದೊಳಗೆ ಕವರು ಕಂಡರೆ ಕಿತ್ತು ಬೇರೆ ಹಾಕುತ್ತಾಳೆ. ಹಾಕಬೇಕಾದ್ದೇ. ಜೋಳದ್ದೋ ಪಾಲಿಥೀನಿನದೋ ಎಂದು ಅವಳು ಹೇಗೆ ಗುರುತಿಸಬೇಕು? ಕೊಳೆತ ಸಾಂಬಾರು ಮೆತ್ತಿದ ಚೀಲವನ್ನು ಒರೆಸಿ, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಪ್ರಮಾಣಪತ್ರದ ಸಂಖ್ಯೆ ಓದಬೇಕೇ? ಕಿತ್ತು ಹಾಕಿದ್ದು ಒಣ ಕಸಕ್ಕೆ ಸೇರಿದರೆ ಅಲ್ಲೂ ಕೇಡು. ಪಾಲಿಥೀನ್ ಜೊತೆ ಇದು ಬೆರೆತರೆ ಮರುಬಳಕೆಯ ಮಾಲು ಕೆಡುತ್ತದೆ, ಕಸ ಆಯ್ದು ಬದುಕುವವರ ಕೂಲಿಗೆ ಕತ್ತರಿ ಬೀಳುತ್ತದೆ. ಹಸಿಗೂ ಸಲ್ಲದ, ಒಣಗೂ ಸಲ್ಲದ ವಸ್ತುವನ್ನು ಪರಿಸರದ ಹೆಸರಿನಲ್ಲಿ ಊರಿಗೆ ಬಿಟ್ಟವರು ಆ ಮಹಿಳೆಯ ಮುಖ ನೋಡಿ ಉತ್ತರ ಕೊಡಲಿ.

‘ಜೋಳದ ಚೀಲ’ ಎನ್ನುತ್ತಾರಲ್ಲ, ಅದರಲ್ಲಿ ಜೋಳ ಎಷ್ಟು? ಬರೀ ಪಿಷ್ಟದಿಂದ ಚೀಲ ಮಾಡಿದರೆ ಒಣಗಿದಾಗ ಹಪ್ಪಳದಂತೆ ಮುರಿಯುತ್ತದೆ, ನೀರು ಸೋಕಿದರೆ ಮೆತ್ತಗಾಗುತ್ತದೆ. ಅದಕ್ಕೇ ಪಿಬಿಎಟಿ ಎಂಬ ಪಾಲಿಯೆಸ್ಟರನ್ನು ಬೆರೆಸುತ್ತಾರೆ. ಬಹಳಷ್ಟು ಚೀಲಗಳಲ್ಲಿ ಪಿಷ್ಟಕ್ಕಿಂತ ಅದರ ಪಾಲೇ ಹೆಚ್ಚು. ಅದು ಸಾಮಾನ್ಯವಾಗಿ ತಯಾರಾಗುವುದು ಕಚ್ಚಾತೈಲದ ಉತ್ಪನ್ನಗಳಿಂದ. ನೀರಿನ ಬಾಟಲಿಯ ಪ್ಲಾಸ್ಟಿಕ್‌ಗೆ ಬಳಸುವ ಟೆರೆಫ್ತಾಲಿಕ್ ಆಮ್ಲವೇ ಇದಕ್ಕೂ ಬೇಕು. ಎಲೆಯ ಚಿತ್ರ ಅಚ್ಚು ಹಾಕುವವರು ಪಕ್ಕದಲ್ಲಿ ತೈಲ ಬಾವಿಯ ಚಿತ್ರವನ್ನೂ ಅಚ್ಚು ಹಾಕಬೇಕಿತ್ತು.

ಈ ಮೋಸ ಹೊಸದೂ ಅಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಪಾಲಿಥೀನಿಗೆ ಒಂದಿಷ್ಟು ಜೋಳದ ಪಿಷ್ಟ ಸೇರಿಸಿ ‘ತಾನಾಗಿ ಕರಗುವ’ ಕಸದ ಚೀಲಗಳೆಂದು ಮಾರಿದರು. ಪಿಷ್ಟ ಕರಗಿತು, ಪಾಲಿಥೀನ್ ಚೂರುಚೂರಾಗಿ ಉಳಿಯಿತು. ಕರಗುತ್ತದೆಂದು ಹೇಳಿ ಹೆಫ್ಟಿ ಚೀಲ ಮಾರಿದ ಮೊಬಿಲ್ ಕಂಪನಿಯ ಮೇಲೆ 1990ರಲ್ಲಿ ಅಲ್ಲಿನ ಹಲವು ರಾಜ್ಯಗಳು ಮೊಕದ್ದಮೆ ಹೂಡಿದವು. ಈಗಿನ ಚೀಲ ಅದಕ್ಕಿಂತ ಉತ್ತಮ ಎನ್ನುವವರು ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯ 2019ರಲ್ಲಿ ಪ್ರಕಟಿಸಿದ ಅಧ್ಯಯನ ಓದಲಿ. ಗೊಬ್ಬರವಾಗುವ ಚೀಲವನ್ನು ಮಣ್ಣಿನಲ್ಲಿ ಹೂತಿಟ್ಟರು. 27 ತಿಂಗಳ ಮೇಲೂ ಅದು ಅಲ್ಲೇ ಇತ್ತು. ಕಾರಣ ಸರಳ. ಆ ಮಣ್ಣಿನಲ್ಲಿ 58 ಡಿಗ್ರಿ ಇರಲಿಲ್ಲ.

ಚೀಲಕ್ಕಿಂತ ನನ್ನನ್ನು ಹೆಚ್ಚು ಕೆರಳಿಸಿರುವುದು ಸ್ಯಾನಿಟರಿ ಪ್ಯಾಡ್ ಮತ್ತು ಡೈಪರ್. ಪ್ಯಾಡಿನ ತಳಕ್ಕೆ ಪಿಷ್ಟದ ಹಾಳೆ ಅಂಟಿಸಿ, ‘ಮಣ್ಣಲ್ಲಿ ಮಣ್ಣಾಗುತ್ತದೆ’ ಎಂದು ದುಪ್ಪಟ್ಟು ಬೆಲೆಗೆ ಮಾರುವ ವ್ಯಾಪಾರ ಶುರುವಾಗಿದೆ. ಪ್ಯಾಡಿನ ಹೊಟ್ಟೆಯಲ್ಲಿ ಒದ್ದೆ ಹೀರುವ ಹರಳುಗಳು ಸಾಮಾನ್ಯವಾಗಿ ಸೋಡಿಯಂ ಪಾಲಿಅಕ್ರಿಲೇಟ್, ಅಂದರೆ ಪೆಟ್ರೋಲಿಯಂ ಮೂಲದ್ದು. ಪಿಷ್ಟದಿಂದ ಹೀರುವ ವಸ್ತು ಮಾಡಲು ಬಾರದು ಎಂದಲ್ಲ. ಅಮೆರಿಕದ ಪಿಯೋರಿಯಾದಲ್ಲಿರುವ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಜೋಳದ ಪಿಷ್ಟಕ್ಕೆ ಅಕ್ರಿಲೋನೈಟ್ರೈಲ್ ಕಸಿ ಮಾಡಿ, ತನ್ನ ತೂಕದ ನೂರಾರು ಪಟ್ಟು ನೀರು ಹೀರುವ ‘ಸೂಪರ್ ಸ್ಲರ್ಪರ್’ ತಯಾರಾದದ್ದು 1970ರ ದಶಕದಲ್ಲೇ. ಜಪಾನಿನಲ್ಲಿ 1978ರ ಹೊತ್ತಿಗೆ ಪಿಷ್ಟ ಬೆರೆತ ಹೀರುವ ವಸ್ತು ಪ್ಯಾಡುಗಳಿಗೂ ಬಂದಿತ್ತು. ಉದ್ಯಮ ಅದನ್ನು ಬಿಟ್ಟು ತೈಲದ ಪಾಲಿಅಕ್ರಿಲೇಟಿಗೆ ಹೋಯಿತು, ಲಾಭ ಅಲ್ಲಿ ಕಂಡಿತು. ಅದೇ ಉದ್ಯಮ ಇವತ್ತು ಹೊರಗಿನ ಹಾಳೆಯನ್ನಷ್ಟೇ ಬದಲಿಸಿ ನಮ್ಮ ಹೆಣ್ಣುಮಕ್ಕಳಿಗೆ ಪರಿಸರದ ಪಾಠ ಹೇಳುತ್ತಿದೆ.

ಪೂರ್ತಿ ಪಿಷ್ಟದ್ದೇ ಆಗಿದ್ದರೂ ಏನಾಗುತ್ತಿತ್ತು? ಬಳಸಿದ ಪ್ಯಾಡನ್ನು ಹಸಿ ಕಸಕ್ಕೆ ಹಾಕುವಂತಿಲ್ಲ. ಕಾಗದದಲ್ಲಿ ಸುತ್ತಿ, ಕೆಂಪು ಗುರುತು ಮಾಡಿ ಬೇರೆಯಾಗಿ ಕೊಡಿ ಎಂದು ಬೆಂಗಳೂರಿನಲ್ಲಿ ವರ್ಷಗಳಿಂದ ಹೇಳುತ್ತಿದ್ದೇವೆ. ಅದು ಹೋಗಬೇಕಾದದ್ದು ಸುಡುವ ಕುಲುಮೆಗೆ. ಸುಟ್ಟು ಬೂದಿಯಾಗಲಿರುವ ವಸ್ತುವಿಗೆ ಗೊಬ್ಬರವಾಗುವ ಗುಣ ಯಾತಕ್ಕೆ? ಆ ಗುಣಕ್ಕೆ ಹೆಚ್ಚುವರಿ ದುಡ್ಡು ಯಾತಕ್ಕೆ? ಪ್ಯಾಡ್ ಎಸೆಯಲು ಹೊದಿಕೆಯನ್ನು ಪೊಟ್ಟಣದ ಜೊತೆಗೇ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ತಯಾರಕರಿಗೆ ಹೇಳಿದವು. ಆ ಸಣ್ಣ ಕೆಲಸವನ್ನೇ ನೆಟ್ಟಗೆ ಮಾಡದವರು ಭೂಮಿ ಉಳಿಸುತ್ತೇವೆಂದರೆ ನಾನು ನಂಬುವುದಿಲ್ಲ. 2023ರಲ್ಲಿ ನಮ್ಮ ಸರ್ಕಾರವೇ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದ ವಿದ್ಯಾರ್ಥಿನಿಯರಿಗೆ ‘ನನ್ನ ಮೈತ್ರಿ’ ಎಂದು ಮುಟ್ಟಿನ ಕಪ್ ಕೊಟ್ಟಿತು. ಒಂದು ಕಪ್ ವರ್ಷಗಟ್ಟಲೆ ಬಾಳುತ್ತದೆ. ಬೇಡ ಎನ್ನುವವರಿಗೆ ಒಗೆದು ಬಳಸುವ ಬಟ್ಟೆಯ ಪ್ಯಾಡಿದೆ. ಸಾರ್ವಜನಿಕ ಹಣ, ಪ್ರಚಾರ, ಆಶಾ ಕಾರ್ಯಕರ್ತೆಯರ ಶ್ರಮ ಹೋಗಬೇಕಾದದ್ದು ಅಲ್ಲಿಗೆ.

ರೈತರ ಹೆಸರನ್ನೂ ಈ ವ್ಯಾಪಾರಕ್ಕೆ ಎಳೆದು ತರುತ್ತಾರೆ. ಪಿಷ್ಟದ ಪ್ಲಾಸ್ಟಿಕ್ ಬಂದರೆ ಮೆಕ್ಕೆಜೋಳಕ್ಕೆ ಬೆಲೆ ಬರುತ್ತದಂತೆ. ಎಥೆನಾಲ್ ಬಂದಾಗಲೂ ಹೀಗೇ ಹೇಳಿದ್ದರು. 2025-26ಕ್ಕೆ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು. ಸುಗ್ಗಿ ಬಂದಾಗ ಹಾವೇರಿ, ಗದಗ ಕಡೆಯ ರೈತರು ಅದಕ್ಕಿಂತ ಎಷ್ಟೋ ಕಡಿಮೆ ದರಕ್ಕೆ ಮಾರಲಾರದೆ, ಖರೀದಿ ಕೇಂದ್ರ ತೆರೆಯಿರಿ ಎಂದು ರಸ್ತೆಯಲ್ಲಿ ಕೂತರು. ಕಾರ್ಖಾನೆಗೆ ಬೇಕಿರುವುದು ಅಗ್ಗದ ಜೋಳ. ಅಗ್ಗದ ಜೋಳ ಬೇಕಾದವರು ರೈತರ ಉದ್ಧಾರದ ಮಾತನ್ನು ದಾವಣಗೆರೆಯ ಎಪಿಎಂಸಿ ಅಂಗಳದಲ್ಲಿ ನಿಂತು ಆಡಿ ನೋಡಲಿ.

ಇಷ್ಟಕ್ಕೆಲ್ಲ ದಾರಿ ಮಾಡಿಕೊಟ್ಟಿದ್ದು ಸರ್ಕಾರದ ನಿಯಮ. 2022ರ ಜುಲೈ 1ರಿಂದ ದೇಶದಾದ್ಯಂತ ಹಲವು ಏಕಬಳಕೆ ಪ್ಲಾಸ್ಟಿಕ್ ಸಾಮಗ್ರಿಗಳು ನಿಷೇಧವಾದವು. ಅದೇ ವರ್ಷದ ಕೊನೆಗೆ ಕೈಚೀಲದ ದಪ್ಪ ಕನಿಷ್ಠ 120 ಮೈಕ್ರಾನ್ ಇರಬೇಕೆಂಬ ನಿಯಮ ಜಾರಿಗೆ ಬಂತು. ಎರಡರಿಂದಲೂ ಗೊಬ್ಬರವಾಗುವ ಪ್ಲಾಸ್ಟಿಕ್‌ಗೆ ವಿನಾಯಿತಿ. ಎಷ್ಟು ತೆಳ್ಳಗಿದ್ದರೂ ನಡೆಯುತ್ತದೆ, ಎಷ್ಟು ಹಂಚಿದರೂ ನಡೆಯುತ್ತದೆ, ಕೊನೆಗೆ ಎಲ್ಲಿ ಹೋಯಿತೆಂದು ಕೇಳುವವರಿಲ್ಲ. ಕೇಳುವವರು ಹಳ್ಳಿಗಳಲ್ಲಿದ್ದಾರೆ. ಬೆಂಗಳೂರಿನ ಕಸ ಹೊತ್ತು ಹೊತ್ತು ಸಾಕಾಗಿ 2014ರಲ್ಲಿ ಮಂಡೂರಿನ ಜನ ಲಾರಿಗಳನ್ನು ತಡೆದು ನಿಂತರು. ಅವರ ಬಾವಿಗೆ ಇಳಿದ ಕೊಳಚೆ ನೀರಿಗೆ ಯಾವ ಪ್ರಮಾಣಪತ್ರ ಕೊಡುತ್ತೀರಿ?

ನನ್ನ ಒತ್ತಾಯ ಇಷ್ಟು. ಈ ವಿನಾಯಿತಿ ಕೂಡಲೇ ರದ್ದಾಗಲಿ. ಪಿಷ್ಟದ ಚೀಲ ಮಾರಲೇಬೇಕು ಎನ್ನುವ ಕಂಪನಿ, ಮಾರುವ ಪ್ರತಿ ಜಿಲ್ಲೆಯಲ್ಲೂ 58 ಡಿಗ್ರಿಯನ್ನು 180 ದಿನ ಹಿಡಿದಿಡುವ ಘಟಕವನ್ನು ತನ್ನ ದುಡ್ಡಿನಲ್ಲಿ ಕಟ್ಟಲಿ, ಚೀಲಗಳನ್ನು ತಾನೇ ವಾಪಸು ತರಿಸಿಕೊಳ್ಳಲಿ. ಆ ಘಟಕದ ವಿಳಾಸ ಪ್ರತಿ ಚೀಲದ ಮೇಲೂ, ಎಲೆಯ ಚಿತ್ರದಷ್ಟೇ ದೊಡ್ಡದಾಗಿ, ಕನ್ನಡದಲ್ಲಿ ಅಚ್ಚಾಗಲಿ.