15 ಪಾಯಿಂಟ್ ತಂದವನೇ ದೊಡ್ಡ ರೈಡರಾ?

1/7

"ಅವ್ನು ಎಲೈಟ್ ಕಣ್ಲಾ. ಒಂದೇ ಮ್ಯಾಚಲ್ಲಿ 15 ಪಾಯಿಂಟ್!"

ಮಳವಳ್ಳಿಯಿಂದ ಕೆ.ಎಂ. ದೊಡ್ಡಿ, ಮದ್ದೂರು ದಾಟಿ ಮಂಡ್ಯಕ್ಕೆ ಬರೋ ಕಾಲೇಜು ಹುಡುಗರ ಬಾಯಲ್ಲಿ ಈ ಮಾತು ವಾರಕ್ಕೊಂದು ಸಲನಾದ್ರೂ ಬರುತ್ತೆ. ಯಾವುದೋ ಊರ ಹಬ್ಬದಲ್ಲಿ ಹೊನಲು ಬೆಳಕಿನ ಕಬಡ್ಡಿ ಆಗಿರುತ್ತೆ, ಮಾರನೇ ದಿನ ಅದರದ್ದೇ ಪಂಚಾಯ್ತಿ. ಯಾರು ಎಷ್ಟು ತಂದ, ಬೆಸ್ಟ್ ರೈಡರ್ ಕಪ್ ಯಾರಿಗೆ ಹೋಯ್ತು, ಯಾರಿಗೆ ಹೋಗ್ಬೇಕಿತ್ತು.

ಅಮೆರಿಕನ್ ಫುಟ್‌ಬಾಲ್ ರೀಲ್ಸ್ ನೋಡೋರಿಗೆ ಗೊತ್ತಿರುತ್ತೆ, ಅಲ್ಲೂ ಇದೇ ಜಗಳ. ಅಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರ್ತಾನೆ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೇ ಬರುತ್ತೆ. ಎಸೀಬೇಕಾ, ಪಕ್ಕದವನಿಗೆ ಕೊಡಬೇಕಾ, ತಾನೇ ಓಡಬೇಕಾ ಅಂತ ಕಣ್ಣು ಮಿಟುಕಿಸೋದ್ರಲ್ಲಿ ತೀರ್ಮಾನ ಮಾಡ್ಬೇಕು. ಡ್ಯಾನ್ ಮರಿನೊ 1984ರ ಒಂದೇ ಸೀಸನ್‌ನಲ್ಲಿ 5,084 ಗಜ ಎಸೆದ. ಆದ್ರೆ ಸೂಪರ್ ಬೌಲ್ ಒಂದೂ ಗೆಲ್ಲಲಿಲ್ಲ. ಟಾಮ್ ಬ್ರೇಡಿಯನ್ನ 2000ದ ಆಯ್ಕೆಯಲ್ಲಿ 198 ಜನ ಆದ ಮೇಲೆ ತಗೊಂಡ್ರು. ಅವನು 7 ಸೂಪರ್ ಬೌಲ್ ಗೆದ್ದ. ಹಾಗಾದ್ರೆ ಮರಿನೊ ಸಣ್ಣವನಾ? ಅಲ್ಲಿನ ಜನ ಇವತ್ತಿಗೂ ಕಿತ್ತಾಡ್ತಾನೇ ಇದ್ದಾರೆ.

ನಮ್ಮೂರ ಕ್ವಾರ್ಟರ್‌ಬ್ಯಾಕ್ ಅಂದ್ರೆ ರೈಡರ್. ಒಬ್ಬನೇ ಆ ಕಡೆ ಹೋಗ್ಬೇಕು, ಎದುರಿಗೆ 7 ಜನ, ಕೈಯಲ್ಲಿ 30 ಸೆಕೆಂಡ್. ಅವನನ್ನ ಅಳೆಯೋಕೆ ನಾವು ಇಟ್ಕೊಂಡಿರೋ ತಕ್ಕಡಿ ಒಂದೇ: ಒಟ್ಟು ಪಾಯಿಂಟ್. ಆ ತಕ್ಕಡಿ ಸರಿಯಿಲ್ಲ ಅನ್ನೋದು ನನ್ನ ವಾದ. ಒಪ್ಪದೇ ಇರೋರೂ ಏಳೂ ಪೋಸ್ಟ್ ಓದಿ, ಆಮೇಲೆ ಬೈರಿ.

2/7

ಮೊದಲು ಒಂದು ಸಣ್ಣ ಲೆಕ್ಕ.

ಇಬ್ಬರು ರೈಡರ್, ಇಬ್ಬರೂ 10 ಪಾಯಿಂಟ್ ತಂದಿದ್ದಾರೆ. ಮೊದಲನೆಯವನದ್ದು 7 ಬೋನಸ್, 3 ಟಚ್. ಎರಡನೆಯವನದ್ದು 2 ಬೋನಸ್, 8 ಟಚ್. ಬೋರ್ಡ್ ಮೇಲೆ ಇಬ್ಬರೂ ಸಮ, ಅನೌನ್ಸರ್ ಬಾಯಲ್ಲೂ ಸಮ.

ಅಂಕಣದ ಒಳಗೆ ಸಮ ಅಲ್ಲ. ಬೋನಸ್ ಬಂದ್ರೆ ಎದುರಾಳಿ ಒಬ್ಬನೂ ಹೊರಗೆ ಹೋಗಲ್ಲ, ನಮ್ಮವನು ಒಬ್ಬನೂ ಒಳಗೆ ಬರಲ್ಲ. ಟಚ್ ಬಂದ್ರೆ ಅವರಲ್ಲಿ ಒಬ್ಬ ಎದ್ದು ಹೋಗ್ತಾನೆ, ಹೊರಗೆ ಕೂತಿರೋ ನಮ್ಮವನೊಬ್ಬ ಒಳಗೆ ಬರ್ತಾನೆ. ಅಂದ್ರೆ ಎರಡನೆಯವನು 10 ಪಾಯಿಂಟ್ ಜೊತೆಗೆ 8 ಜನರನ್ನ ಹೊರಗೆ ಕಳಿಸಿದ್ದಾನೆ, ನಮ್ಮವರು ಅಷ್ಟು ಜನ ಹೊರಗೆ ಇದ್ದಿದ್ರೆ 8 ಜನರನ್ನ ಒಳಗೆ ಕರ್ಕೊಂಡು ಬಂದಿದ್ದಾನೆ. ಎದುರಾಳಿ ಖಾಲಿಯಾದ್ರೆ ಆಲ್ ಔಟ್, ಮೇಲೆ ಇನ್ನೂ 2 ಪಾಯಿಂಟ್. ಅದು ಬೀಳೋ ಹಾಗೆ ದಾರಿ ಮಾಡೋನೂ ಇವನೇ.

ಬೋನಸ್ ಬೇಡ ಅಂತ ನಾನು ಹೇಳ್ತಿಲ್ಲ. ಅನೂಪ್ ಕುಮಾರ್ ಬೋನಸ್ ತಗೊಂಡೇ ಹೆಸರು ಮಾಡಿದವರು, 2015ರಲ್ಲಿ ಯು ಮುಂಬಾ ತಂಡಕ್ಕೆ ನಾಯಕನಾಗಿ ಪ್ರೊ ಕಬಡ್ಡಿ ಕಪ್ ತಂದವರು. ಅಂಕಣದಲ್ಲಿ 6 ಅಥವಾ 7 ಜನ ನಿಂತಿದ್ದಾಗ ಒಂದು ಕಾಲು ಎತ್ತಿ ಇನ್ನೊಂದು ಕಾಲನ್ನ ಗೆರೆ ದಾಟಿಸಿ ವಾಪಸ್ ಬರೋದು ಸುಲಭದ ಮಾತೂ ಅಲ್ಲ. ನಾನು ಹೇಳೋದು ಇಷ್ಟೇ: ಬೋನಸ್ಸೇ ಬೇರೆ, ಟಚ್ಚೇ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ತೂಗಬೇಡಿ. ಕಬ್ಬನ್ನ ತೂಕಕ್ಕೆ ಹಾಕಿ ಬಂದ ಮೇಲೂ ನಮ್ಮಪ್ಪಂದಿರು "ಇಳುವರಿ ಎಷ್ಟು" ಅಂತ ಕೇಳ್ತಾರಲ್ಲ, ಹಂಗೆ.

3/7

ಈಗ ಅಸಲಿ ವಿಷಯ. ಡೂ ಆರ್ ಡೈ.

ಒಂದು ತಂಡ ಸತತ 2 ರೈಡ್ ಖಾಲಿ ಬಂದ್ರೆ ಮೂರನೇದರಲ್ಲಿ ಪಾಯಿಂಟ್ ತರಲೇಬೇಕು. ಇಲ್ಲಾಂದ್ರೆ ರೈಡರ್ ಔಟ್, ಎದುರಾಳಿಗೆ ಪಾಯಿಂಟ್. ಅಲ್ಲಿರೋ ಏಳೂ ಜನಕ್ಕೆ ಗೊತ್ತು, ಇವನು ಇವತ್ತು ಪಾಯಿಂಟ್ ತರಲೇಬೇಕು ಅಂತ. ಅವರು ಮುಂದೆ ಬರಲ್ಲ. ಕಾರ್ನರ್‌ನಲ್ಲಿ ಚೈನ್ ಹಿಡಿದು ಕಾಯ್ತಾ ನಿಲ್ತಾರೆ. 25 ಸೆಕೆಂಡ್ ಹಂಗೇ ಹೋಗುತ್ತೆ. ಕೊನೇ 5 ಸೆಕೆಂಡಲ್ಲಿ ಅವನು ಒಳಗೆ ನುಗ್ಗಲೇಬೇಕು.

ಆ ರೈಡಿಗೆ ಯಾರನ್ನ ಕಳಿಸ್ತಾರೆ? ನಮ್ಮ ಕಡೆ ಬಹಳಷ್ಟು ಟೀಮಲ್ಲಿ ಮೇನ್ ರೈಡರನ್ನ ಕಳಿಸಲ್ಲ. ಅವನು ಔಟಾದ್ರೆ ಟೀಮೇ ಮಲಗುತ್ತೆ ಅಂತ ಉಳಿಸ್ಕೋತಾರೆ. ಆ ಲೆಕ್ಕಾಚಾರ ತಪ್ಪಲ್ಲ. "ನೀನ್ ಓಗ್ಲಾ" ಅಂತ ಮೂರನೇ ರೈಡರನ್ನ ತಳ್ತಾರೆ. ಅವನು ಹೋಗ್ತಾನೆ, 5 ಸಲದಲ್ಲಿ 3 ಸಲ ಔಟಾಗ್ತಾನೆ, 2 ಸಲ ಪಾಯಿಂಟ್ ತರ್ತಾನೆ.

ಪಂದ್ಯ ಮುಗಿದ ಮೇಲೆ ಶೀಟ್ ನೋಡಿ. ಮೇನ್ ರೈಡರ್ 12. ಇವನು 2. ಮೇನ್ ರೈಡರ್‌ಗೆ ಕಪ್ಪು, ಹಾರ, ಸ್ಟೇಟಸ್ಸು. ಇವನಿಗೆ "ಬರೀ ಔಟಾಗ್ತೀಯಲ್ಲೋ" ಅನ್ನೋ ಮಾತು.

ಆ 12 ಪಾಯಿಂಟಲ್ಲಿ ಕಷ್ಟದ ರೈಡು ಎಷ್ಟು? ಆ 2 ಪಾಯಿಂಟಲ್ಲಿ ಎಷ್ಟು? ಮೇನ್ ರೈಡರ್ ಕಾಲು ಚಾಚಿ ಆಡೋಕೆ ಜಾಗ ಸಿಕ್ಕಿದ್ದೇ ಇವನು ಬೆಂಕಿಗೆ ಕೈ ಹಾಕಿದ್ದಕ್ಕೆ. ಹಾಗಂತ ಮೂರನೇ ರೈಡರೇ ದೊಡ್ಡವನು ಅಂತಲೂ ನಾನು ಹೇಳಲ್ಲ. ಎಲೈಟ್ ಅನ್ನೋ ಪದ ನಾನು ಇಟ್ಟಿರೋದು ಒಬ್ಬನಿಗೆ ಮಾತ್ರ. ಕೊನೇ 5 ನಿಮಿಷ, ಸ್ಕೋರ್ ಸಮ, ಡೂ ಆರ್ ಡೈ ಬಂದಿದೆ. ಆಗ "ನಾನ್ ಓಯ್ತೀನಿ" ಅಂತ ತಾನಾಗಿ ಕೈ ಎತ್ತಿ, ಹೋಗಿ, ತಂದುಕೊಡೋ ಮೇನ್ ರೈಡರ್‌ಗೆ.

4/7

"ಇದೆಲ್ಲ ಊರ ಕಬಡ್ಡಿ ಮಾತು, ದೊಡ್ಡ ಲೀಗಲ್ಲಿ ಪಾಯಿಂಟೇ ಎಲ್ಲ" ಅಂತೀರಾ? ಸರಿ, ದೊಡ್ಡ ಲೀಗಿಗೇ ಹೋಗೋಣ.

2019ರ ಪ್ರೊ ಕಬಡ್ಡಿ ಫೈನಲ್, ಅಹಮದಾಬಾದ್. ದಬಂಗ್ ದಿಲ್ಲಿಯ ನವೀನ್ ಕುಮಾರ್ ಒಬ್ಬನೇ 18 ರೈಡ್ ಪಾಯಿಂಟ್ ತಂದ. ದಿಲ್ಲಿ 39-34ರಲ್ಲಿ ಸೋತಿತು. ಗೆದ್ದಿದ್ದು ಬೆಂಗಾಲ್ ವಾರಿಯರ್ಸ್. ಅದೂ ಅವರ ನಾಯಕ, ಮೇನ್ ರೈಡರ್ ಮಣಿಂದರ್ ಸಿಂಗ್ ಗಾಯ ಮಾಡ್ಕೊಂಡು ಹೊರಗೆ ಕೂತಿದ್ದಾಗ.

ಅದೇ ದಿಲ್ಲಿ, ಅದೇ ನವೀನ್, 2022ರ ಫೆಬ್ರವರಿ, ಜಾಗ ನಮ್ಮ ಬೆಂಗಳೂರು. ಎದುರಿಗೆ ಪಟ್ನಾ ಪೈರೇಟ್ಸ್, ಅದರ ನಾಯಕ ನಮ್ಮ ಕರ್ನಾಟಕದ ಪ್ರಶಾಂತ್ ಕುಮಾರ್ ರೈ. ದಿಲ್ಲಿ 37-36ರಲ್ಲಿ ಗೆದ್ದಿತು. ಬರೀ 1 ಪಾಯಿಂಟ್ ಅಂತರ. ಅವತ್ತು ನವೀನ್ 13, ಜೊತೆಗಾರ ವಿಜಯ್ 14. ನವೀನ್ ಪಾಯಿಂಟ್ ಕಮ್ಮಿಯಾಗಿತ್ತು, ಕಪ್ಪು ಕೈಗೆ ಬಂದಿತ್ತು. 2019ರ ನವೀನ್ ದೊಡ್ಡವನಾ, 2022ರ ನವೀನ್ ದೊಡ್ಡವನಾ? ಪಾಯಿಂಟ್ ಒಂದನ್ನೇ ನೋಡೋರು ಈ ಪ್ರಶ್ನೆಗೆ ಏನು ಹೇಳ್ತೀರಿ?

ಇನ್ನೊಂದು. ಕರ್ನಾಟಕದ ಬಿ.ಸಿ. ರಮೇಶ್, ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಕೋಚ್ ಆಗಿ 2019ರಲ್ಲಿ ಬೆಂಗಾಲ್‌ಗೆ ಕಪ್ ಗೆಲ್ಲಿಸಿದ್ರು, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಗೆಲ್ಲಿಸಿದ್ರು. ಎರಡೂ ಸೀಸನ್‌ನಲ್ಲಿ ಅತಿ ಹೆಚ್ಚು ರೈಡ್ ಪಾಯಿಂಟ್ ತಂದವನು ಬೇರೆ ತಂಡದಲ್ಲಿದ್ದ. 2019ರಲ್ಲಿ ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್, 2024ರಲ್ಲಿ ದಿಲ್ಲಿಯ ಆಶು ಮಲಿಕ್. ರಮೇಶ್ ಸರ್ ತಂಡದಲ್ಲಿ ಒಬ್ಬನ ಮೇಲೆ ಎಲ್ಲಾ ಭಾರ ಇರಲಿಲ್ಲ. ಯಾರು ಯಾವಾಗ ಹೋಗ್ಬೇಕು ಅನ್ನೋದು ಗೊತ್ತಿದ್ದ ತಂಡ ಅದು.

5/7

ಈಗ ನನಗೇ ಎದುರು ವಾದ ಹಾಕ್ತೀನಿ. ಪಾಯಿಂಟ್ ಇಲ್ಲದೆ ಗೆಲ್ಲೋದು ಹೆಂಗೆ?

ಗೆಲ್ಲೋಕಾಗಲ್ಲ, ನಿಜ. ಪರ್ದೀಪ್ ನರ್ವಾಲ್ 2017ರಲ್ಲಿ ಒಂದೇ ಸೀಸನ್‌ನಲ್ಲಿ 369 ರೈಡ್ ಪಾಯಿಂಟ್ ತಂದ, ಪಟ್ನಾ ಕಪ್ ಗೆದ್ದಿತು. ಪವನ್ 2019ರ ಜನವರಿಯಲ್ಲಿ ಆರನೇ ಸೀಸನ್ ಫೈನಲ್ ಆಡಿದಾಗ 22 ಪಾಯಿಂಟ್ ತಂದ, ಬೆಂಗಳೂರು ಬುಲ್ಸ್ 38-33ರಲ್ಲಿ ಗುಜರಾತನ್ನ ಸೋಲಿಸಿತು. ಆ ಕಪ್ಪು ನಮಗೆ ಬಂದಿದ್ದೇ ಪವನ್‌ನಿಂದ. ಅದನ್ನ ನಾನು ಕಿತ್ಕೊಳ್ಳಲ್ಲ.

ಆದ್ರೆ ನಾವು ಯಾವ ವಿಡಿಯೋ ಶೇರ್ ಮಾಡ್ತೀವಿ ನೋಡಿ. ಪರ್ದೀಪ್ ಒಂದೇ ರೈಡಲ್ಲಿ 8 ಪಾಯಿಂಟ್ ತಂದಿದ್ದು. ಆ ಪಂದ್ಯ ಪಟ್ನಾ ಗೆದ್ದಿದ್ದು 69-30ರಲ್ಲಿ. ಪವನ್ ಒಂದೇ ಪಂದ್ಯದಲ್ಲಿ 39 ತಂದಿದ್ದು. ಆ ಪಂದ್ಯ ಬುಲ್ಸ್ ಗೆದ್ದಿದ್ದು 59-36ರಲ್ಲಿ. ಎರಡೂ ಕಣ್ಣಿಗೆ ಹಬ್ಬ, ಎರಡೂ ಒನ್ ಸೈಡ್ ಮ್ಯಾಚ್. 5 ಪಾಯಿಂಟ್ ಅಂತರದ ಫೈನಲ್ಲಲ್ಲಿ ತಂದ 22 ನನ್ನ ಪ್ರಕಾರ ಆ 39ಕ್ಕಿಂತ ತೂಕ ಜಾಸ್ತಿ. ಪವನ್ ಎಲೈಟ್ ಅಂತ ಹೇಳೋಕೆ ನಾನು ತೋರಿಸೋದು ಆ 22ನ್ನೇ.

2016ರ ವಿಶ್ವಕಪ್ ಫೈನಲ್ ನೆನಪು ಮಾಡ್ಕೊಳ್ಳಿ, ನೋಡಿಲ್ದೇ ಇದ್ರೆ ಹುಡುಕಿ ನೋಡಿ. ಇರಾನ್ ಎದುರು ಅರ್ಧ ಪಂದ್ಯ ಮುಗಿದಾಗ ಭಾರತ 13-18ರಲ್ಲಿ ಹಿಂದೆ. ಮುಗಿದಾಗ 38-29, ಭಾರತಕ್ಕೆ ಕಪ್ಪು. ಅಜಯ್ ಠಾಕೂರ್ 12 ಪಾಯಿಂಟ್. ಸಂಖ್ಯೆ ನೋಡಿದ್ರೆ 12 ಏನು ಮಹಾ? ಊರ ಕಬಡ್ಡೀಲಿ ಯಾರು ಬೇಕಾದ್ರೂ ತರ್ತಾರೆ. ಆದ್ರೆ ಹಿಂದೆ ಬಿದ್ದಿದ್ದ ತಂಡವನ್ನ ಎತ್ತಿದ 12 ಅದು.

6/7

ಇನ್ನೊಂದು ಗುಣ ಇದೆ. ಅದಕ್ಕೆ ಚಪ್ಪಾಳೆ ಬೀಳಲ್ಲ, ಬೈಗುಳ ಬೀಳುತ್ತೆ. ಖಾಲಿ ಕೈಯಲ್ಲಿ ವಾಪಸ್ ಬರೋದು.

2 ನಿಮಿಷ ಬಾಕಿ, ನಾವು 3 ಪಾಯಿಂಟ್ ಮುಂದೆ. ಈಗ ರೈಡರ್ ಕೆಲಸ ಏನು? ಗೆರೆ ದಾಟಿ, 30 ಸೆಕೆಂಡ್ ತಿಂದು, ಮೈ ಮುಟ್ಟಿಸ್ಕೊಳ್ಳದೆ ಬರೋದು. ಆದ್ರೆ ಸುತ್ತ ನಿಂತಿರೋ ಜನ ಸುಮ್ನಿರ್ತಾರಾ? "ಯಾಕ್ಲಾ ಎದುರ್ಕತೀಯಾ, ಒಳಕ್ ನುಗ್ಲಾ!" ಮಾತು ಕೇಳಿ ರೋಷ ಬಂದು ನುಗ್ಗಿದ, ಸಿಕ್ಕಿಬಿದ್ದ. ಅವರಿಗೆ 1 ಪಾಯಿಂಟ್. ಅವರಲ್ಲಿ 3 ಜನ ಅಥವಾ ಅದಕ್ಕಿಂತ ಕಮ್ಮಿ ಇದ್ದಿದ್ರೆ ಅದು ಸೂಪರ್ ಟ್ಯಾಕಲ್, 2 ಪಾಯಿಂಟ್. ನಮ್ಮ ಮೇನ್ ರೈಡರ್ ಹೊರಗೆ. ಕೈಯಲ್ಲಿದ್ದ ಪಂದ್ಯ ಕೆರೆಗೆ ಹೋಯ್ತು.

ಔಟಾಗೋದಕ್ಕೂ ಬೆಲೆ ಇದೆ, ಆ ಬೆಲೆ ನಮ್ಮ ಶೀಟಲ್ಲಿ ಎಲ್ಲೂ ಬರೆಯಲ್ಲ. ಮೇನ್ ರೈಡರ್ ಹೊರಗೆ ಕೂತ್ರೆ, ಬೇರೆಯವರು ಟಚ್ ತರೋ ತನಕ, ಇಲ್ಲಾ ಯಾರನ್ನಾದ್ರೂ ಹಿಡಿಯೋ ತನಕ ಅವನು ಒಳಗೆ ಬರೋ ಹಾಗಿಲ್ಲ. ಅವನಿಗಿಂತ ಮುಂಚೆ ಔಟಾದವರಿದ್ರೆ ಅವರು ಮೊದಲು. 12 ಪಾಯಿಂಟ್ ತಂದು 7 ಸಲ ಔಟಾದವನು, 9 ಪಾಯಿಂಟ್ ತಂದು 2 ಸಲ ಔಟಾದವನು. ನಾನು ಟೀಮ್ ಕಟ್ಟಿದ್ರೆ ಎರಡನೆಯವನನ್ನೇ ತಗೋತೀನಿ. ನೀವು?

ಸುತ್ತ ಜನ ಬೈತಿದ್ರೂ ಬೋರ್ಡು, ಗಡಿಯಾರ, ಎದುರಿಗೆ ಎಷ್ಟು ಜನ ಅನ್ನೋದನ್ನ ನೋಡ್ಕೊಂಡು ಸುಮ್ಮನೆ ವಾಪಸ್ ಬರೋದು ಹೆದರಿಕೆ ಅಲ್ಲ. ಅದಕ್ಕೆ ನುಗ್ಗೋದಕ್ಕಿಂತ ಜಾಸ್ತಿ ಗುಂಡಿಗೆ ಬೇಕು.

7/7

ಇಷ್ಟೆಲ್ಲಾ ಯಾಕೆ ಬರೆದೆ? ಟೈಮ್‌ಪಾಸ್ ಜಗಳ ಆಗಿದ್ರೆ ಬಸ್ಸಲ್ಲೇ ಮುಗಿಸ್ಬೋದಿತ್ತು.

ನಾವು "ದೊಡ್ಡ ರೈಡರ್" ಅಂತ ಯಾರನ್ನ ಕರೀತೀವೋ ಅವನೇ ಕಾಲೇಜ್ ಟೀಮಿಗೆ ಹೋಗ್ತಾನೆ, ಅಲ್ಲಿಂದ ವಿಶ್ವವಿದ್ಯಾಲಯದ ಟೀಮಿಗೆ. ಸರ್ಟಿಫಿಕೇಟ್ ಸಿಗುತ್ತೆ, ಕ್ರೀಡಾ ಕೋಟಾ ಅನ್ನೋ ಬಾಗಿಲು ಸ್ವಲ್ಪ ತೆರೆಯುತ್ತೆ. ಗದ್ದೆ ಕೆಲಸ ಮುಗಿಸಿ ಸಂಜೆ ಮಣ್ಣಲ್ಲಿ ಪ್ರಾಕ್ಟೀಸ್ ಮಾಡೋ ಹುಡುಗನಿಗೆ ಆ ಬಾಗಿಲು ಸಣ್ಣದಲ್ಲ. ಪ್ರತಿ ಪಂದ್ಯದಲ್ಲೂ ಡೂ ಆರ್ ಡೈಗೆ ಹೋಗಿ ಟೀಮ್ ಉಳಿಸಿದವನ ಹೆಸರಿನ ಮುಂದೆ "2" ಅಂತ ಮಾತ್ರ ಬರೆದಿದ್ರೆ, ಆಯ್ಕೆ ಮಾಡೋರಿಗೆ ಅವನು ಕಾಣೋದೇ ಇಲ್ಲ. ಎರಡು ವರ್ಷ ಹಂಗೇ ಆಡಿ, ಒಂದು ದಿನ ಸುಮ್ಮನೆ ಬಿಟ್ಟುಬಿಡ್ತಾನೆ. ಅಂಥವರು ನಿಮ್ಮ ಊರಲ್ಲೂ ಇದ್ದಾರೆ. ಯೋಚನೆ ಮಾಡಿ, ಹೆಸರು ನೆನಪಾಗುತ್ತೆ.

ಅದಕ್ಕೆ ಒಂದು ಕೋರಿಕೆ. ಈ ಸೀಸನ್ ನಿಮ್ಮ ಊರಲ್ಲಿ ಪಂದ್ಯ ಆದಾಗ, ಹುಡುಗರದ್ದಾಗಲಿ ಹುಡುಗೀರದ್ದಾಗಲಿ, ಒಬ್ಬರು ಒಂದು ನೋಟ್‌ಬುಕ್ ಹಿಡಿದು ಕೂರಿ. ಪ್ರತಿ ರೈಡರ್ ಹೆಸರಿನ ಮುಂದೆ 5 ಕಾಲಂ ಸಾಕು:

ಟಚ್ ಎಷ್ಟು.
ಬೋನಸ್ ಎಷ್ಟು.
ಡೂ ಆರ್ ಡೈಗೆ ಎಷ್ಟು ಸಲ ಹೋದ, ಎಷ್ಟು ಸಲ ತಂದ.
ಎಷ್ಟು ಸಲ ಔಟಾದ.
ಕೊನೇ 5 ನಿಮಿಷದಲ್ಲಿ ಏನು ಮಾಡಿದ.

ಹೆಚ್ಚಂದ್ರೆ 40 ನಿಮಿಷದ ಆಟ, ಪೆನ್ನಿದ್ರೆ ಆಯ್ತು. ಮುಗಿದ ಮೇಲೆ ಆ ಹಾಳೆಯ ಫೋಟೋ ತೆಗೆದು ಹಾಕಿ. ಬೆಸ್ಟ್ ರೈಡರ್ ಕಪ್ ಕೊಡೋ ಮುಂಚೆ ಕಮಿಟಿಯವರಿಗೂ ಒಂದು ಸಲ ತೋರಿಸಿ, "ಅಣ್ಣಾ, ಇದನ್ನೂ ನೋಡಿ" ಅಂತ. ನೋಡಿದ ಮೇಲೂ 15 ಪಾಯಿಂಟ್ ತಂದವನಿಗೇ ಕೊಟ್ರೆ ಕೊಡಲಿ, ನನ್ನ ತಕರಾರಿಲ್ಲ.

ಈಗ ನಿಮ್ಮ ಸರದಿ. ಮಂಡ್ಯ, ಮದ್ದೂರು, ಮಳವಳ್ಳಿ, ಯಾವ ಕಡೆಯವರಾದ್ರೂ ಸರಿ. ಸ್ಕೋರ್ ಸಮ, ಕೊನೇ ರೈಡು, ಡೂ ಆರ್ ಡೈ. ನಿಮ್ಮ ಟೀಮಿಂದ ಯಾರನ್ನ ಕಳಿಸ್ತೀರಿ? ಕಾರಣದ ಸಮೇತ ಬರೀರಿ. "ಪಾಯಿಂಟ್ ಜಾಸ್ತಿ ತಂದಿದ್ದಾನೆ" ಅನ್ನೋ ಒಂದು ಕಾರಣ ಬಿಟ್ಟು.

#ಕಬಡ್ಡಿ #ಡೂಆರ್‌ಡೈ #ಮಂಡ್ಯ #ಮದ್ದೂರು #ಮಳವಳ್ಳಿ #ಹೊನಲುಬೆಳಕು