ಲಾಯಕ್ಕೆ ಬರುವ ನಂಟರು

ನಮ್ಮದು ದೊಡ್ಡ ಲಾಯವಲ್ಲ. ಕುಣಿಗಲಿನ ಕಡೆಯ ಒಂದು ಹಳ್ಳಿಯಲ್ಲಿ 6 ಎಕರೆ ನೆಲ, ಹೆಂಚು ಹೊದಿಸಿದ ಒಂದು ಲಾಯ, ಮೂರು ಹೆಣ್ಣು ಕುದುರೆ, ಒಂದು ಮುದಿ ತಟ್ಟು. ಇಷ್ಟೇ ನಮ್ಮ ಐಶ್ವರ್ಯ. ಟಿಪ್ಪುಸುಲ್ತಾನನ ಕಾಲದಿಂದಲೂ ಕುದುರೆಗೆ ಹೆಸರಾದ ಸೀಮೆಯಲ್ಲಿ ಇದನ್ನು ಹೇಳಿಕೊಳ್ಳುವುದಕ್ಕೂ ಸಂಕೋಚವಾಗುತ್ತದೆ. ಆದರೆ ಬಂದು ಹೋಗುವ ನಂಟರ ಲೆಕ್ಕದಲ್ಲಿ ಮಾತ್ರ ನಾವು ಯಾವ ದೊಡ್ಡ ಮನೆಗೂ ಕಡಮೆಯವರಲ್ಲ.

ನಸುಕಿನಲ್ಲಿ ಹುರುಳಿಯ ಬುಟ್ಟಿಯನ್ನು ಹೊರಗೆ ತರುವುದೇ ತಡ, ಬೇಲಿಯ ಮೇಲೆ ನವಿಲುಗಳು ಕಾದಿರುತ್ತವೆ. ಕುದುರೆಯ ಜಠರವು ಅದರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು; ತಿಂದುದನ್ನು ಕಾರಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಆದುದರಿಂದ ಮೇವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಹಲವು ಸಲ ಕೊಟ್ಟರೆ ಹಲವು ಸಲ ಚೆಲ್ಲುತ್ತದೆ. ಚೆಲ್ಲಿದುದು ನವಿಲಿನ ಪಾಲು. ಕುದುರೆಗಳನ್ನು ಬಯಲಿಗೆ ಬಿಟ್ಟರೆ ಬೆಳ್ಳಕ್ಕಿಗಳು ಗೊರಸಿನ ಹಿಂದೆಯೇ ನಡೆದು, ಹುಲ್ಲಿನಿಂದ ಎದ್ದ ಮಿಡತೆಗಳನ್ನು ಹಿಡಿಯುತ್ತವೆ. ಮುದಿ ತಟ್ಟುವಿನ ಬೆನ್ನು ಒಂದು ಕಾಜಾಣಕ್ಕೆ ಸಿಂಹಾಸನವಾಗಿದೆ. ಗೊಬ್ಬರದ ಗುಂಡಿಯ ಬಳಿ ಮುಂಗುಸಿಯ ಸಂಸಾರವಿದೆ.

ಇವರೆಲ್ಲ ಹಗಲಿನ ನಂಟರು; ಇವರಿಂದ ಯಾರಿಗೂ ಬೇಸರವಿಲ್ಲ. ಇರುಳಿನವರ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಈ ತಿಂಗಳು ಓದುಗರ ಮುಂದೆ ಒಪ್ಪಿಕೊಳ್ಳಬೇಕೆಂದಿದ್ದೇನೆ.

ಲಾಯದ ಗೋಡೆಯ ಮೇಲೊಂದು ಪೊಟರೆಯಲ್ಲಿ ಎರಡು ಗೂಬೆಗಳು ಬಹುಕಾಲದಿಂದ ವಾಸವಾಗಿದ್ದುವು. ಹುಲ್ಲಿನ ಅಟ್ಟದಲ್ಲಿ ಒಂದು ಮಾರುದ್ದದ ಕೇರೆಹಾವು ಇದ್ದಿತು. ಕಳೆದ ಮಳೆಗಾಲದಲ್ಲಿ ನಮ್ಮ ಸೋದರತ್ತೆಯವರು ಬಂದರು. “ಗೂಬೆ ಕೂತ ಮನೆ ಉದ್ಧಾರವಾದದ್ದುಂಟೇನಪ್ಪ?” ಎಂದು ದಿನಕ್ಕೆ ನಾಲ್ಕು ಸಲ ಕೇಳಿದರು. ಹಾವನ್ನು ಕಂಡ ದಿನವಂತೂ ಊಟವನ್ನೇ ಬಿಟ್ಟರು. ನಮ್ಮ ಕುದುರೆಯಾಳು ಮುದುಕ. “ಅವು ಸಂಬಳ ಕೇಳದ ಕಾವಲುಗಾರರು ಸ್ವಾಮಿ, ಕಳಿಸಬೇಡಿ” ಎಂದನು. ನಾನು ಹಿರಿಯರ ಮಾತಿಗೆ ಕಟ್ಟುಬಿದ್ದು, ಪೊಟರೆಗೆ ಇಟ್ಟಿಗೆ ಇಡಿಸಿದೆನು. ಕೇರೆಹಾವನ್ನು ಚೀಲದಲ್ಲಿ ತುಂಬಿಸಿ ದೂರದ ಹಳ್ಳಕ್ಕೆ ಬಿಡಿಸಿದೆನು. ಹುರುಳಿಯ ಮೂಟೆಗಳನ್ನು ಮಾತ್ರ, ಎಂದಿನಂತೆ ಬಾಯಿ ಬಿಚ್ಚಿ, ಮೂಲೆಯಲ್ಲಿಯೇ ಇಟ್ಟಿದ್ದೆನು.

ಎರಡು ತಿಂಗಳಲ್ಲಿ ಇಲಿಗಳು ಹಗಲಲ್ಲೇ ಓಡಾಡತೊಡಗಿದುವು. ಇಲಿಯಿದ್ದ ಕಡೆಗೆ ಅದನ್ನು ತಿನ್ನುವವರು ಬಾರದಿರುವರೆ? ಈ ಸಲ ಬಂದದ್ದು ಕೇರೆಯಲ್ಲ. ಕಾರ್ತಿಕ ಮಾಸದ ಒಂದು ಸಂಜೆ, ಗಬ್ಬವಾಗಿದ್ದ ನಮ್ಮ ಕೆಂಪು ಕುದುರೆಯು ಹುಲ್ಲಿಗೆ ಮುಸುಡಿಯನ್ನು ಚಾಚಿತು. ಮರುಕ್ಷಣವೇ ಹಿಂದಕ್ಕೆ ನೆಗೆಯಿತು. ದೀಪ ಹಿಡಿದು ನೋಡಿದರೆ, ಹುಲ್ಲಿನಡಿಯಲ್ಲಿ ಸುರುಳಿ ಸುತ್ತಿಕೊಂಡು ಬುಸುಗುಟ್ಟುತ್ತಿದ್ದುದು ಕೊಳಕುಮಂಡಲ.

ಅರ್ಧ ಗಂಟೆಯೊಳಗೆ ಕುದುರೆಯ ಮುಖವು ಊದಿಕೊಂಡಿತು. ಕುದುರೆಯು ನಮ್ಮಂತೆ ಬಾಯಿಯಿಂದ ಉಸಿರಾಡಲಾರದು. ಮೂಗು ಮುಚ್ಚಿದರೆ ಪ್ರಾಣವೇ ಹೋಗುವುದು. ಪಶುವೈದ್ಯರು ಬಂದೊಡನೆ ಮಾಡಿದ ಮೊದಲ ಕೆಲಸವೆಂದರೆ, ಎರಡು ರಬ್ಬರು ಕೊಳವೆಗಳಿಗೆ ಜಿಡ್ಡು ಸವರಿ ಮೂಗಿನ ಹೊಳ್ಳೆಗಳಿಗೆ ಸೇರಿಸಿದುದು. ಅನಂತರ ರಕ್ತನಾಳಕ್ಕೆ ವಿಷಹರ ಮದ್ದನ್ನು ಕೊಟ್ಟರು. ರಾತ್ರಿಯೆಲ್ಲ ನನ್ನ ಮನೆಯಾಕೆ ಅದರ ಕೊರಳನ್ನು ನೇವರಿಸುತ್ತ ನಿಂತಿದ್ದಳು. ಕೊಳವೆಯೊಳಗಿನ ಉಸಿರಿನ ಸದ್ದೊಂದೇ ಆ ರಾತ್ರಿ ನಮಗೆ ಗಡಿಯಾರವಾಗಿದ್ದಿತು.

ಆ ಮದ್ದಿನ ಕಥೆಯನ್ನು ವೈದ್ಯರು ಬೆಳಗಿನ ಜಾವದಲ್ಲಿ ಹೇಳಿದರು. ಕುದುರೆಗೆ ಅಲ್ಪಾಲ್ಪವಾಗಿ ವಿಷವನ್ನು ಕೊಡುತ್ತ ಬಂದರೆ, ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಗುಣವು ಹುಟ್ಟುತ್ತದೆ. ಆ ರಕ್ತದ ತಿಳಿಯಿಂದ ಮದ್ದನ್ನು ತಯಾರಿಸುತ್ತಾರೆ. 1890ರ ದಶಕದಲ್ಲಿ ಫ್ರಾನ್ಸ್ ದೇಶದ ಆಲ್ಬರ್ಟ್ ಕಾಲ್ಮೆಟ್ ಎಂಬ ವೈದ್ಯರು ಈ ದಾರಿಯನ್ನು ತೋರಿಸಿದರು. ನಮ್ಮ ದೇಶದಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ 4 ಹಾವುಗಳ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮದ್ದು ಇಂದಿಗೂ ಕುದುರೆಯ ರಕ್ತದಿಂದಲೇ ಬರುತ್ತದೆ. ಹಾವು ಕಚ್ಚಿದವರನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಮಂತ್ರಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕೆಂಬುದಕ್ಕೆ ಕಾರಣ ಈ ಮದ್ದೇ. ಕಂಡರಿಯದ ಯಾವುದೋ ಕುದುರೆ ಅಂದು ನಮ್ಮ ಕುದುರೆಗೆ ರಕ್ತವನ್ನು ಕೊಟ್ಟು ಉಳಿಸಿತು.

ಐದನೆಯ ದಿನ ಊತವಿಳಿಯಿತು. ಮೂಗಿನ ಮೇಲೊಂದು ಬಿಳಿಯ ಕಲೆ ಉಳಿಯಿತು. ಅದನ್ನು ನೋಡಿದಾಗಲೆಲ್ಲ ನನಗೆ ತಲೆ ತಗ್ಗುತ್ತದೆ. ಆ ವಾರವೇ ಪೊಟರೆಯ ಇಟ್ಟಿಗೆಯನ್ನು ತೆಗೆಸಿದೆನು. ಹುರುಳಿಗೆ ಮುಚ್ಚಳವಿರುವ ತಗಡಿನ ಡಬ್ಬಗಳು ಬಂದುವು. ಹುಲ್ಲಿನ ಮೆದೆಯು ನೆಲ ಬಿಟ್ಟು ಹಲಗೆಯ ಮೇಲೇರಿತು. ಲಾಯದ ಸುತ್ತಣ ಕಳೆಯನ್ನೆಲ್ಲ ಸವರಿಸಿದೆವು.

ಕುದುರೆಯ ಬಸಿರು ಸುಮಾರು 11 ತಿಂಗಳು. ಅಷ್ಟು ವಿಷ ಮೈಗೇರಿದ ಮೇಲೆ ಮರಿಯು ಉಳಿಯುವುದೆಂಬ ಭರವಸೆ ವೈದ್ಯರಿಗೂ ಇರಲಿಲ್ಲ. ಆದರೆ ಮಾಘ ಮಾಸದ ಒಂದು ನಡುರಾತ್ರಿ ಹೆಣ್ಣು ಮರಿ ಹುಟ್ಟಿತು. ಒಂದು ಗಂಟೆಯೊಳಗೆ ಕೋಲುಗಾಲೂರಿ ನಿಂತಿತು. ತಾಯಿಗೆ ಮಾಸು ಬಿದ್ದೊಡನೆ ಮುದುಕನು ಅದನ್ನು ಆಳವಾದ ಗುಂಡಿಯಲ್ಲಿ ಹೂಳಿದನು. ಕೆರೆಯ ದಾರಿಯಲ್ಲಿ ಚಿರತೆಯ ಹೆಜ್ಜೆ ಆಗಾಗ ಕಾಣುತ್ತದೆ. ವಾಸನೆ ಹರಡಿ ಅದನ್ನು ಬರಮಾಡಿಕೊಂಡರೆ ತಪ್ಪು ನಮ್ಮದೇ.

ಓದುಗರಲ್ಲಿ ಲಾಯವುಳ್ಳವರು ವಿರಳ. ಆದರೆ ದವಸವಿಡದ ಮನೆಯಿಲ್ಲ. ಕರೆಯದೆ ಬಂದರೆಂದು ನಾವು ದೂರುವ ನಂಟರಲ್ಲಿ ಬಹುಮಂದಿಗೆ, ತೆರೆದಿಟ್ಟ ಮೂಟೆಯ ಮೂಲಕವೋ ಚೆಲ್ಲಿದ ಅನ್ನದ ಮೂಲಕವೋ, ನಾವೇ ಓಲೆ ಕಳುಹಿಸಿರುತ್ತೇವೆ. ಬಾಗಿಲಿಗೆ ಬಂದವರನ್ನು ಬೈಯುವ ಮೊದಲು ಓಲೆ ಬರೆದವರಾರೆಂದು ನೋಡುವುದು ಲೇಸು.

ಮೊನ್ನೆ ಅಟ್ಟದ ಮೇಲೆ ಒಂದು ಮಾರುದ್ದದ ಪೊರೆ ಸಿಕ್ಕಿತು. “ಕೇರೆ ಸ್ವಾಮಿ, ಇನ್ನು ಭಯವಿಲ್ಲ” ಎಂದನು ಮುದುಕ. ಮನೆಯಾಕೆ ನಕ್ಕು, ಸೋದರತ್ತೆಯವರಿಗೆ ಬರೆಯುವ ಕಾಗದದಲ್ಲಿ ಮರಿಯ ವರ್ತಮಾನವನ್ನು ಬರೆದು, ಪೊರೆಯ ವರ್ತಮಾನವನ್ನು ಬಿಟ್ಟಳು.